ನೂರು ಕ್ವಿಂಟಲ್ ಮೆಕ್ಕೆಜೋಳ, ಒಂದು ಮುರುಕು ಕತ್ತು

ಅಮೆರಿಕದ ಗಿಬ್ಸನ್ ಕಂಪನಿಯ ಗಿಟಾರಿನ ಬೆಲೆ ಏರಿತು ಅಂತ ಗೊಣಗುವವರನ್ನು ಕಂಡರೆ ನಗು ಬರುತ್ತದೆ. 2019ರಲ್ಲಿ 2,499 ಡಾಲರ್ ಇದ್ದ ಅವರ ಲೆಸ್ ಪಾಲ್ ಸ್ಟ್ಯಾಂಡರ್ಡ್ ಮಾದರಿ ಮುಂದೆ 2,799 ಆಯಿತಪ್ಪ, ಅದಕ್ಕೇನೀಗ? ಡಾಲರಿಗೆ 85 ರೂಪಾಯಿ ಹಿಡಿದರೂ ಬರೀ 2.38 ಲಕ್ಷ. ಹಡಗಿನ ಬಾಡಿಗೆ, ಕಸ್ಟಮ್ಸು, ಜಿಎಸ್‌ಟಿ ಎಲ್ಲ ಆಮೇಲಿನ ಮಾತು. ದಾವಣಗೆರೆ ರೈತನಿಗೆ ಮೆಕ್ಕೆಜೋಳದ 2025-26ರ ಬೆಂಬಲ ಬೆಲೆ, ಕ್ವಿಂಟಲ್ಲಿಗೆ 2,400 ರೂಪಾಯಿ, ಪೂರಾ ಕೈಗೆ ಸಿಕ್ಕಿತು ಅಂತ ಇಟ್ಟುಕೊಳ್ಳಿ. ನಗಬೇಡಿ, ಲೆಕ್ಕಕ್ಕೆ ಇಟ್ಟುಕೊಳ್ಳಿ. ನೂರು ಕ್ವಿಂಟಲ್ ಎಪಿಎಂಸಿಗೆ ಹಾಕಿದರೆ ಒಂದು ಗಿಟಾರ್. ತಲೆ ಮುರಿಯುವ ಸೌಲಭ್ಯ ಅದರ ಜೊತೆ ಉಚಿತ.

ಆ ತಲೆಯ ವಿಚಾರ ಒಂದಿಷ್ಟು ಬಿಡಿಸಿ ಹೇಳಬೇಕು. ಮರದ ನೇಗಿಲು ಮಾಡುವ ಬಡಿಗೇರ ನೆಟ್ಟನೆ ಹಲಗೆ ತಂದು ಬಾಗು ಕೊಯ್ಯುವುದಿಲ್ಲ. ಸೊಟ್ಟಗೆ ಬೆಳೆದ ಜಾಲಿ ಕೊಂಬೆ ಹುಡುಕಿಕೊಂಡು ಬದುವಿನ ಮೇಲೆ ಅಲೆಯುತ್ತಾನೆ. ಕೇಳಿದರೆ, "ಎಳೆ ಕಡಿದ್ರೆ ಮುರೀತತಿ ತಮ್ಮಾ" ಅನ್ನುತ್ತಾನೆ, ಅಷ್ಟೇ. ಲೆಸ್ ಪಾಲ್ ಗಿಟಾರಿನ ಕತ್ತು ಒಂದೇ ತುಂಡು ಮಹಾಗನಿ. ಬಿರಡೆ ಕೂರುವ ತಲೆ ಅದೇ ತುಂಡಿನಲ್ಲಿ 17 ಡಿಗ್ರಿ ಹಿಂದಕ್ಕೆ ಬಾಗಿದೆ, ಬಾಗಿದ್ದಲ್ಲ, ಬಾಗಿದಂತೆ ಕೊಯ್ದದ್ದು. ಮರದ ಎಳೆ ಮಾತ್ರ ನೆಟ್ಟಗೇ ಹೋಗಿ ತಲೆಯ ಮುಂಬದಿಯಲ್ಲಿ ಹೊರಬೀಳುತ್ತದೆ. ಸಾಲದ್ದಕ್ಕೆ, ಕತ್ತು ಅತಿ ತೆಳ್ಳಗಿರುವ ಆ ಜಾಗದಲ್ಲೇ ಟ್ರಸ್ ರಾಡಿನ, ಅಂದರೆ ಕತ್ತಿನೊಳಗಿನ ಲೋಹದ ಸರಳಿನ, ತಿರುಪು ಕೂರಿಸಲು ಗುಳಿ ತೋಡುತ್ತಾರೆ. ಆಮೇಲೆ ಆರು ತಂತಿ ಹಗಲೂ ರಾತ್ರಿ ಸುಮಾರು 45 ಕೆ.ಜಿ. ಎಳೆತ ಹಾಕುತ್ತವೆ. ಸ್ಟ್ಯಾಂಡಿನಿಂದ ಹಿಂದಕ್ಕೆ ಮಗುಚಿದರೆ ಸಾಕು, ಟಕ್ಕನೆ ಹೋಯಿತು. ಪೆಟ್ಟಿಗೆಯೊಳಗೆ ಮಲಗಿದ್ದಾಗಲೂ ಪೆಟ್ಟಿಗೆ ಬೆನ್ನಡಿಯಾಗಿ ಬಿದ್ದರೆ ಮುರಿಯುತ್ತದೆ. ಗಣಪತಿ ಹಬ್ಬದ ಆರ್ಕೆಸ್ಟ್ರಾದವರು ಇಂಥದ್ದನ್ನು ಟಾಟಾ ಏಸಿನಲ್ಲಿ ಸ್ಪೀಕರ್ ಬಾಕ್ಸಿನ ಮೇಲಿಟ್ಟು ಹೊನ್ನಾಳಿಗೆ ಹೋಗಿ ಬರಲಿ, ನೋಡೋಣ.

ಕಂಪನಿಗೆ ಇದು ಗೊತ್ತಿಲ್ಲ ಅಂದುಕೊಳ್ಳಬೇಡಿ. ಎಪ್ಪತ್ತರ ದಶಕದಲ್ಲಿ ಕೋನ 14 ಡಿಗ್ರಿಗೆ ಇಳಿಸಿದ್ದರು, ಮುರಿಯುವ ಜಾಗದ ಹಿಂದೆ ಒಂದು ಗಂಟು ಬಿಟ್ಟಿದ್ದರು, ಮೂರು ತುಂಡು ಮೇಪಲ್ ಅಂಟಿಸಿ ಕತ್ತು ಮಾಡಿದ್ದರು. ಹಿಡಿದುಕೊಂಡಿತ್ತು. ಆದರೆ ಕೊಳ್ಳುವ ಭಕ್ತರಿಗೆ 1959ರ ರೂಪವೇ ಬೇಕು. ಗಂಟು ಕಂಡರೆ ಅಪಶಕುನ. ಕಂಪನಿ ಗಂಟು ಕೆತ್ತಿ ಹಾಕಿತು, 17 ಡಿಗ್ರಿ ವಾಪಸ್ ತಂದಿತು. ಹದಿನೈದು ಸಾವಿರ ರೂಪಾಯಿಯ ಇಂಡೋನೇಷ್ಯಾ ಗಿಟಾರುಗಳಲ್ಲಿ ಎಷ್ಟೋ ಕಡೆ ತಲೆಗೆ ಬೇರೆ ತುಂಡನ್ನು ಓರೆಯಾಗಿ ಕೊಯ್ದು ಅಂಟಿಸಿರುತ್ತಾರೆ, ಎಳೆ ಬಾಗಿನ ಜೊತೆಗೇ ಹೋಗುತ್ತದೆ. ನಮ್ಮ ಬಡಿಗೇರನ ಬುದ್ಧಿಯೇ ಅದು. ಅದು ಅಗ್ಗದ ಲಕ್ಷಣವಂತೆ.

ಮುರಿದ ಮೇಲೆ ಮಾಡಬೇಕಾದ್ದು: ತಂತಿ ಬಿಚ್ಚಿ. ಸೀಳನ್ನು ಮತ್ತೆ ಮತ್ತೆ ಕೂಡಿಸಿ ನೋಡಬೇಡಿ, ಅಂಚಿನ ಎಳೆ ಉದುರುತ್ತದೆ. ಮರದ ಅಂಟನ್ನು ಸಿರಿಂಜಿನಲ್ಲಿ ಸೀಳಿನ ತಳದವರೆಗೆ ಬಿಟ್ಟು, ಪ್ಲಾಸ್ಟಿಕ್ ಹಾಳೆ ಸುತ್ತಿ, ಹಿಂದೆ ಮುಂದೆ ಮರದ ತುಂಡು ಕೊಟ್ಟು ಕ್ಲ್ಯಾಂಪ್ ಬಿಗಿದು 24 ಗಂಟೆ ಮುಟ್ಟದೆ ಬಿಡಿ. ಫೆವಿಕ್ವಿಕ್ ಸುರಿದಿರೋ, ಅದು ಎಳೆಯೊಳಗೆ ಗಾಜಿನಂತೆ ಕೂತು ಮುಂದೆ ಯಾವ ಅಂಟನ್ನೂ ಒಳಗೆ ಬಿಡುವುದಿಲ್ಲ. ಸರಿಯಾಗಿ ಅಂಟಿದ ಜಾಗ ಮತ್ತೆ ಮುರಿಯುವುದು ಅಪರೂಪ, ಮುರಿದರೆ ಪಕ್ಕದಲ್ಲಿ. ಮಾರಲು ಹೋದರೆ ಮಾತ್ರ ಅರ್ಧ ಬೆಲೆ.

ಇನ್ನು ಶ್ರುತಿ. ಮೂರನೇ ತಂತಿ ನಿಲ್ಲುವುದಿಲ್ಲ ಅನ್ನುವುದು ಲೆಸ್ ಪಾಲ್ ಇರುವ ಮನೆಗಳಲ್ಲೆಲ್ಲ ಇರುವ ದೂರು. ಕತ್ತಿನ ತುದಿಯಲ್ಲಿ ತಂತಿಗಳು ಸೀಳಿನಲ್ಲಿ ಕೂರುವ ಸಣ್ಣ ಪಟ್ಟಿ, ಅಂದರೆ ನಟ್, ದಾಟಿದ ಮೇಲೆ ಆ ತಂತಿ ಬಿರಡೆಯ ಕಡೆ ಓರೆಯಾಗಿ ಹೊರಳುತ್ತದೆ. ಸೀಳು ಬಿಗಿಯಿದ್ದರೆ ತಂತಿ ಅಲ್ಲೇ ಕಚ್ಚಿಕೊಂಡು, ಬಿರಡೆ ತಿರುಗಿಸಿದಾಗ 'ಟಿಂಕ್' ಅಂತ ಹಾರುತ್ತದೆ. ಮದ್ದು ಏನು? ತಂತಿ 17 ಸಾವಿರಾಂಶ ಇಂಚಿನದಾದರೆ ಸೀಳನ್ನು ಒಂದೆರಡು ಸಾವಿರಾಂಶ ಅಗಲಿಸುವಷ್ಟು ಸಣ್ಣ ಅರ, ಬಿರಡೆ ಕಡೆಗೆ ತುಸು ಇಳಿಜಾರು, ಆಮೇಲೆ ಪೆನ್ಸಿಲ್ ಸೀಸದ ಪುಡಿ. ಹತ್ತು ನಿಮಿಷದ ಕೆಲಸ. ಲಕ್ಷಾಂತರ ಕೊಟ್ಟವನು ಪೆಟ್ಟಿಗೆ ಬಿಚ್ಚಿದ ದಿನವೇ ಮಾಡಿಸಬೇಕಾದ ಮೊದಲ ಕೆಲಸವೂ ಇದೇ.

ಕಂಪನಿ ಕಂಡುಕೊಂಡ ಮದ್ದು ಬೇರೆ. 2015ರಲ್ಲಿ ಹೆಚ್ಚುಕಡಿಮೆ ಎಲ್ಲ ಗಿಟಾರಿನ ತಲೆಯ ಹಿಂದೆ ತಾನೇ ಶ್ರುತಿ ಮಾಡುವ ಮೋಟಾರು ಕೂರಿಸಿತು. ಬಾಗಿಲು ಕಿರ್ರೆನ್ನುತ್ತದೆ ಅಂತ ಎಣ್ಣೆ ಬಿಡುವ ಬದಲು ಬಾಗಿಲಿಗೆ ಎಂಜಿನ್ ಕಟ್ಟಿದ ಹಾಗೆ. ಹಿತ್ತಾಳೆಯ ನಟ್ ಕೊಟ್ಟರು, ತಂತಿ ಅದನ್ನು ಕೊರೆದು ಕಚ್ಚು ಮಾಡಿತು. ಮರುವರ್ಷ ಕೆಲವು ಮಾದರಿಗೆ ಟೈಟಾನಿಯಂ ಬಂತು. ಈ ಗಿಟಾರಿಗೆ ಹೆಸರು ಕೊಟ್ಟ ವಾದಕ ಲೆಸ್ ಪಾಲ್ ಅವರು ಹುಟ್ಟಿ ನೂರು ವರ್ಷ ಅಂತ ಅವರದೊಂದು ಹೊಲೊಗ್ರಾಮ್ ಬೇರೆ. ಬೆಲೆ ಒಂದೇಟಿಗೆ ಶೇ 30ರ ಹತ್ತಿರ ಏರಿತು. ಜನ ಮುಖ ತಿರುಗಿಸಿದರು. ಅಷ್ಟರಲ್ಲಿ ಕಂಪನಿ ಫಿಲಿಪ್ಸ್‌ನ ಆಡಿಯೋ ವ್ಯವಹಾರ ಕೊಂಡು ಸಾಲ ಮಾಡಿಕೊಂಡಿತ್ತು. 2018ರ ಮೇ 1ರಂದು ದಿವಾಳಿ ಅರ್ಜಿ. ಮರುವರ್ಷ ಒಂದು ವಿಡಿಯೊ ಓಡಾಡಿತು: ಮಾರಾಟವಾಗದ ಫೈರ್‌ಬರ್ಡ್ ಎಕ್ಸ್ ಗಿಟಾರುಗಳನ್ನು ಸಾಲಾಗಿ ಮಲಗಿಸಿ, ನಮ್ಮೂರಲ್ಲಿ ಹಿಟಾಚಿ ಅನ್ನುತ್ತಾರಲ್ಲ, ಆ ಚೈನ್ ಗಾಡಿ ಹತ್ತಿಸಿ ಅರೆದರು. ಬಳಸಲು ಸುರಕ್ಷಿತವಲ್ಲವಂತೆ. ಆ ಮಾದರಿಯನ್ನು ಐದು ಸಾವಿರ ಡಾಲರಿನ ಮೇಲೆ ಮಾರುವಾಗ ಸುರಕ್ಷಿತವಾಗಿತ್ತು.

ಅದೇ 2019ರ ಜೂನ್‌ನಲ್ಲಿ 'ಅಸಲಿಯನ್ನೇ ನುಡಿಸಿ' ಅಂತ ಬೇರೆ ತಯಾರಕರನ್ನು ಗದರಿಸುವ ಇನ್ನೊಂದು ವಿಡಿಯೊ ಬಿಟ್ಟು, ಬೈಗುಳ ತಿಂದು ತೆಗೆದರು. ಅದೇ ತಿಂಗಳು ಯುರೋಪಿನ ನ್ಯಾಯಾಲಯ ಫ್ಲೈಯಿಂಗ್ ವಿ ಗಿಟಾರಿನ ಆಕಾರ ಇವರೊಬ್ಬರದೇ ಗುರುತಲ್ಲ ಅಂದಿತು. ಆಕಾರಕ್ಕೆ ಕೇಸು ಹಾಕುವ ಬುದ್ಧಿ ನಮಗೇಕೆ ಬರಲಿಲ್ಲವೋ. ಬೆಂಗಳೂರಿನಲ್ಲಿ 'ದಾವಣಗೆರೆ ಬೆಣ್ಣೆ ದೋಸೆ' ಬೋರ್ಡು ಹಾಕಿಕೊಂಡ ಒಬ್ಬೊಬ್ಬರಿಗೂ ನೋಟಿಸ್ ಕೊಟ್ಟಿದ್ದರೆ ಭದ್ರಾ ನಾಲೆ ಹೂಳು ಎತ್ತಿಸಬಹುದಿತ್ತು. ಅವರ ದೋಸೆ ತಟ್ಟೆಯಷ್ಟಗಲ, ಬೆಣ್ಣೆ ಬೆರಳ ತುದಿಯಷ್ಟು, ಸೌದೆ ಒಲೆಯ ವಾಸನೆಯೇ ಇಲ್ಲ, ಚಟ್ನಿಗೆ ಬಣ್ಣ ಬೇರೆ. ಆದರೂ ನಾವು ಸುಮ್ಮನಿದ್ದೇವೆ. ನಮ್ಮ ಹತ್ತಿ ಮಿಲ್ಲುಗಳು ಮುಚ್ಚಿ ಯಾವ ಕಾಲವಾಯಿತು. 'ಕರ್ನಾಟಕದ ಮ್ಯಾಂಚೆಸ್ಟರ್' ಅನ್ನುವುದು ಈಗಲೂ ಭಾಷಣದಲ್ಲಿ ಓಡುತ್ತದೆ, ಆದರೆ ಆ ಹೆಸರಿಗೆ ಅಂತ ನಾವು ಯಾರ ಹತ್ತಿರವೂ ದುಡ್ಡು ಕೇಳುವುದಿಲ್ಲ. ಗಿಬ್ಸನ್ 1984ರಲ್ಲಿ ಕಲಮಜೂ ಊರಿನ ಹಳೇ ಕಾರ್ಖಾನೆ ಮುಚ್ಚಿತು. ಊರು ಬಿಡದ ಕೆಲಸಗಾರರು ಮರುವರ್ಷ ಅದೇ ಕಟ್ಟಡದಲ್ಲಿ ಹೆರಿಟೇಜ್ ಹೆಸರಿನಲ್ಲಿ ಗಿಟಾರ್ ಮಾಡತೊಡಗಿದರು. ಅವರ ಜೊತೆಗೂ ಕೋರ್ಟು ಕಚೇರಿ ನಡೆಯಿತು.

ಮರದ ಕಥೆ ನಮ್ಮ ಕಡೆಗೂ ಬರುತ್ತದೆ. ಕತ್ತಿನ ಮೇಲೆ ಫ್ರೆಟ್ ಎಂಬ ಲೋಹದ ಅಡ್ಡಕಡ್ಡಿ ಕೂರಿಸುವ ಪಟ್ಟಿ ಬೀಟೆಯದು. 2011ರ ಆಗಸ್ಟಿನಲ್ಲಿ ಅಮೆರಿಕದ ವನ್ಯಜೀವಿ ಇಲಾಖೆಯವರು ಕಾರ್ಖಾನೆಗೆ ನುಗ್ಗಿ, ಭಾರತದ ಬೀಟೆ ಪಟ್ಟಿಗಳು ರಫ್ತು ನಿಯಮ ಮೀರಿ ಬಂದಿವೆ ಅಂತ ಹೊತ್ತೊಯ್ದರು. ಮರುವರ್ಷ ಮಡಗಾಸ್ಕರಿನ ಕರಿಮರದ ವಿಚಾರಕ್ಕೆ ಕಂಪನಿ 3 ಲಕ್ಷ ಡಾಲರ್ ದಂಡ ಕಟ್ಟಿತು, ನಮ್ಮ ಬೀಟೆ ವಾಪಸ್ ಸಿಕ್ಕಿತು. ಅದರಲ್ಲಿ 'ಗವರ್ನಮೆಂಟ್ ಸೀರೀಸ್' ಅಂತ ಗಿಟಾರ್ ಮಾಡಿ ಮಾರಿದರು. ಇಲ್ಲಿ ಒಂದು ಬೀಟೆ ಕಡಿಯಬೇಕಾದರೆ ಅರಣ್ಯ ಇಲಾಖೆಗೆ ಎಷ್ಟು ಸಲ ಎಡತಾಕಬೇಕು ಅಂತ ಚನ್ನಗಿರಿ ಕಡೆಯವರನ್ನು ಕೇಳಿ. ಸಮುದ್ರ ದಾಟಿ ಹೋದ ಆ ಮರ ಎರಡೂವರೆ ಲಕ್ಷದ ಬೆಲೆ ಕಟ್ಟಿಸಿಕೊಂಡು ತಿರುಗಿ ಬರುವಾಗ ಎಷ್ಟೋ ಸಲ ಸುಣ್ಣ ಬಳಿದ ಹಾಗೆ ಒಣಗಿರುತ್ತದೆ. ಒಂದು ಹನಿ ಎಣ್ಣೆ ಕಂಡಿರುವುದಿಲ್ಲ. ನಮ್ಮ ಏಪ್ರಿಲ್ ಬಿಸಿಲಿಗೆ ಪಟ್ಟಿ ಇನ್ನಷ್ಟು ಕುಗ್ಗಿದರೆ ಕತ್ತಿನ ಅಂಚಿನಲ್ಲಿ ಫ್ರೆಟ್ಟಿನ ತುದಿ ಗೀರತೊಡಗುತ್ತದೆ.

ಎಲ್ಲಕ್ಕಿಂತ ಮೇಲೆ 2021ರ ಮರ್ಫಿ ಲ್ಯಾಬ್. ಹೊಸ ಗಿಟಾರಿಗೆ ಬಿರುಕು ಬಿಡಿಸಿ, ಬಣ್ಣ ಕೆರೆದು, ಲೋಹಕ್ಕೆ ತುಕ್ಕಿನ ಕಳೆ ಕೊಟ್ಟು ಮಾರುತ್ತಾರೆ. ಹಾಳು ಮಾಡಿದ್ದು ಹೆಚ್ಚಿದಷ್ಟೂ ಬೆಲೆ ಹೆಚ್ಚು. ದನದ ಸಂತೆಯಲ್ಲಿ ದಲ್ಲಾಳಿ ಎತ್ತಿನ ಬಾಯಿ ತೆರೆಸಿ ಹಲ್ಲು ನೋಡಿ ದರ ಇಳಿಸುತ್ತಾನಲ್ಲ, ಪಾಪ, ಅವನಿಗೆ ವ್ಯಾಪಾರವೇ ಗೊತ್ತಿಲ್ಲ. ಎಳೇ ಹೋರಿಯ ನಾಲ್ಕು ಹಲ್ಲು ಕಿತ್ತು, ಒಂದು ಕಾಲು ಕುಂಟಿಸಿ, 'ಅತಿ ಮುಪ್ಪಿನ ಶ್ರೇಣಿ' ಅಂತ ಮೂರು ಪಟ್ಟು ಕೇಳಬೇಕಿತ್ತು.

ತಮಾಷೆ ಸಾಕು. ಬಿಗಿಯಾದ ಸೀಳಿಗೆ ಅರ ಹಾಕಲು ಹತ್ತು ನಿಮಿಷದ ಕೂಲಿ ಕೊಡದ ಕಾರ್ಖಾನೆ, ಬಣ್ಣ ಕೆರೆಯಲು ಒಬ್ಬನನ್ನು ದಿನಗಟ್ಟಲೆ ಕೂರಿಸುತ್ತದೆ. ಕತ್ತು ಎಲ್ಲಿ ಮುರಿಯುತ್ತದೆ ಅಂತ ಗೊತ್ತು, ಯಾಕೆ ಅಂತ ಗೊತ್ತು, ತಡೆದು ತೋರಿಸಿದ್ದೂ ಆಗಿದೆ. ಆದರೂ ಮುರಿಯುವಂತೆಯೇ ಕೊಯ್ಯುತ್ತಾರೆ, ನಾವು ಅದಕ್ಕೆ ಪರಂಪರೆ ಅಂತ ಹೆಸರಿಟ್ಟು ಕಂತು ಕಟ್ಟುತ್ತೇವೆ.

ಕೊಂಡೇ ಬಿಟ್ಟಿದ್ದರೆ ಒಂದು ಕೆಲಸ ಮಾಡಿ. ಪ್ರಯಾಣಕ್ಕೆ ಮುಂಚೆ ಬಿರಡೆಗಳನ್ನು ಎರಡು ಸುತ್ತು ಸಡಿಲಿಸಿ. ಪೆಟ್ಟಿಗೆಯೊಳಗೆ ನಟ್ಟಿಗಿಂತ ಈಚೆ, ಕತ್ತಿನ ಕೆಳಗೆ ಒಂದು ಟವೆಲ್ ಮಡಚಿಡಿ. ತಲೆ ಯಾವುದಕ್ಕೂ ತಾಗದೆ ಗಾಳಿಯಲ್ಲಿರಬೇಕು. ಟವೆಲ್ ಮಾತ್ರ ನಿಮ್ಮದೇ ಇರಲಿ, ಕಂಪನಿ ಅದನ್ನು ಕೊಡುವುದಿಲ್ಲ.