ವರ್ಣಮಾಲೆ ಬಾಯಿಪಾಠ ಆಮೇಲೆ ಮಾಡಿಸಿ

ಶಾಲೆ ಶುರುವಾಗಿ ಮಳೆ ಹಿಡಿಯುವ ಹೊತ್ತಿಗೆ ಕೊಡಗಿನ ಮನೆಮನೆಯಲ್ಲೂ ಅ ಆ ಇ ಈ ಶುರು. ಮಗು ಅ ಇಂದ ಳ ತನಕ ಒಂದೇ ಉಸಿರಿಗೆ ಒಪ್ಪಿಸಿಬಿಟ್ಟರೆ ದೊಡ್ಡವರಿಗೆ ಸಮಾಧಾನ, ಅಕ್ಷರ ಬಂತು ಅಂತ. ಅದೇ ಮಗುವಿಗೆ ನಡುವಿನ ಡ ಒಂದನ್ನೇ ತೋರಿಸಿ ಕೇಳಿ ನೋಡಿ. ತುಂಬ ಮಕ್ಕಳು ಕ ಖ ಗ ಘ ಅಂತ ಒಳಗೊಳಗೇ ಗುನುಗುತ್ತಾ ಬಂದು ಡ ಮುಟ್ಟುತ್ತಾರೆ. ಹಾಡು ಬಂದಿದೆ, ಅಕ್ಷರ ಇನ್ನೂ ಬಂದಿಲ್ಲ. ಗುರುತು ಹಿಡಿಯುವುದು ಒಂದು ಕೆಲಸ, ಕ್ರಮ ಕಲಿಯುವುದು ಇನ್ನೊಂದು. ಎರಡನ್ನೂ ಒಟ್ಟಿಗೆ ಹೇರಬೇಡಿ ಅನ್ನುವುದಷ್ಟೇ ನನ್ನ ವಾದ.

ಇದೇನೂ ಹೊಸ ಮಾತಲ್ಲ. 1995ರಲ್ಲಿ ನಮ್ಮ ಪಕ್ಕದ ಹೆಗ್ಗಡದೇವನಕೋಟೆಯಲ್ಲಿ ಶುರುವಾದ, ಸರ್ಕಾರಿ ಶಾಲೆಗಳ ಆಡುತ್ತಾ ಕಲಿಯುವ ಪದ್ಧತಿ ನಲಿಕಲಿಯಲ್ಲಿ ಮೊದಲು ಬರುವುದು ರ ಗ ಸ ದ ಅ, ಆಮೇಲೆ ಜ ವ ಮ ಬ ನ. "ಇದೆಂಥ ಕ್ರಮ ಮಾರಾಯ್ರೆ, ಅ ಆ ಇ ಈ ಎಲ್ಲಿ ಹೋಯಿತು?" ಅಂತ ಕೇಳುವ ಅಪ್ಪ ಅಮ್ಮಂದಿರು ಈಗಲೂ ಇದ್ದಾರೆ. ಉತ್ತರ ಸುಲಭ. ರ ಗ ಸ ದ ಅ ಐದೇ ಅಕ್ಷರದಲ್ಲಿ ಸರ, ರಸ, ಅರಸ, ಅಗಸ, ಗರಗಸ, ದಸರ ಎಲ್ಲ ಓದಬಹುದು. ಮಡಿಕೇರಿ ದಸರ ನೋಡಿದ ಮಗುವಿಗೆ ಮೊದಲ ವಾರಗಳಲ್ಲೇ ಆ ಪದ ಓದಲು ಸಿಕ್ಕಿದರೆ ಓದು ಅಂದರೆ ಏನೆಂದು ಗೊತ್ತಾಗುತ್ತದೆ. ಅ ಆ ಇ ಈ ಉ ಐದನ್ನೂ ಕಲಿತ ಮಗುವಿಗೆ ಓದಲು ಏನೂ ಸಿಗುವುದಿಲ್ಲ. ಮನೆಯಲ್ಲಿ ಹೇಳಿಕೊಡುವವರು ದಯವಿಟ್ಟು ಶಾಲೆಯ ಕ್ರಮವನ್ನೇ ಹಿಡಿಯಿರಿ. ಅಲ್ಲೊಂದು ಇಲ್ಲೊಂದು ಆದರೆ ಮಗು ಎರಡೂ ಕಡೆ ತಡವರಿಸುತ್ತದೆ.

ಇನ್ನು ನಮ್ಮ ಜಿಲ್ಲೆಯದೇ ಒಂದು ತೊಡಕಿದೆ. ಒಂದನೇ ತರಗತಿಯ ಒಂದೇ ಚಾಪೆಯ ಮೇಲೆ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವ ಮಾತಾಡುವ ಮಕ್ಕಳು ಕೂತಿರುತ್ತಾರೆ. ತೋಟದ ಲೈನ್ ಮನೆಗಳಿಂದ ಬರುವ ಅಸ್ಸಾಂ, ಜಾರ್ಖಂಡ್ ಕಡೆಯ ಮಕ್ಕಳೂ ಇರುತ್ತಾರೆ. ಅಂಗಡಿಯಲ್ಲಿ ಸಿಗುವ ಚಿತ್ರಪಟ ಇವರೆಲ್ಲರಿಗೂ ಒಂದೇ. ಹ ಅಕ್ಷರಕ್ಕೆ ಹಂದಿಯ ಚಿತ್ರ ಹಾಕಿದರೆ ಕೊಡವ ಮನೆಯ ಮಗು ಅದನ್ನು ಪಂದಿ ಅನ್ನುತ್ತದೆ, ಹ ಇರುವ ಕಡೆ ಪ ಕೂತುಬಿಡುತ್ತದೆ. ನ ಅಕ್ಷರದ ನರಿ ಇನ್ನೂ ತಮಾಷೆ, ಕೊಡವ ತಕ್ಕ್‌ನಲ್ಲಿ ನರಿ ಅಂದರೆ ಹುಲಿ! ಪಟ ತೋರಿಸುವ ಮೊದಲು ಚಿತ್ರದ ಹೆಸರನ್ನು ಬಾಯಲ್ಲಿ ಹೇಳಿಸಿ. ಬೇರೆ ಹೆಸರು ಬಂದರೆ ಆ ಚಿತ್ರದ ಮೇಲೆ ಚೀಟಿ ಅಂಟಿಸಿ, ಎಲ್ಲರಿಗೂ ಒಂದೇ ಹೆಸರಿರುವ ವಸ್ತು ಹುಡುಕಿ. ಬಸ್ಸು, ಕಾಫಿ ಥರದವು ಧಾರಾಳ ಸಾಕು.

ತಪ್ಪುಗಳೂ ಮನೆಮಾತಿನ ಜಾಡಿನಲ್ಲೇ ಬರುತ್ತವೆ. ಮಲಯಾಳದ ಮಗುವಿಗೆ ಳ, ಣ ಕಷ್ಟವೇ ಅಲ್ಲ. ಅಸ್ಸಾಮಿ ಮಾತಿನಲ್ಲಿ ಟ, ತ ಎರಡಕ್ಕೂ ಒಂದೇ ದನಿ, ಹಾಗಾಗಿ ಆ ಮಕ್ಕಳಿಗೆ ಅವು ಬೇರೆಯಾಗಿ ಕೇಳಲು ತಿಂಗಳುಗಳೇ ಬೇಕು. ಎ ಮತ್ತು ಏ, ಒ ಮತ್ತು ಓ ಕೂಡ ಉತ್ತರದ ಮಕ್ಕಳಿಗೆ ಗೋಜಲು. ಆದರೆ ನಮ್ಮ ಮಕ್ಕಳು ಒದ್ದಾಡುವ ಖ, ಘ, ಭ ಅವರಿಗೆ ಸಲೀಸು. ಅವರಿಂದಲೇ ಹೇಳಿಸಿ, ಉಳಿದವರು ಕೇಳಲಿ. ಬಾಯಿ ಮುಂದೆ ತೆಳು ಕಾಗದದ ಪಟ್ಟಿ ಹಿಡಿದರೆ ಕ ಅಂದಾಗ ಅದು ಹೆಚ್ಚು ಅಲುಗುವುದಿಲ್ಲ, ಖ ಅಂದಾಗ ಹಾರುತ್ತದೆ. ಮಹಾಪ್ರಾಣ ಅರ್ಥ ಮಾಡಿಸಲು ಇದಕ್ಕಿಂತ ಹೆಚ್ಚಿನ ವಿವರಣೆ ಬೇಡ.

ಬರೆಸುವಾಗ ಒಂದನ್ನೊಂದು ಹೋಲುವ ಅಕ್ಷರಗಳನ್ನು ಒಂದೇ ದಿನ ಕೊಡಬೇಡಿ. ದ ಗಟ್ಟಿಯಾಗಿ ಕೂತ ಮೇಲೆ, ಒಂದೆರಡು ವಾರ ಬಿಟ್ಟು ಧ. ಡ-ಢ, ಬ-ಭ, ಪ-ಫ ಕೂಡ ಹೀಗೇ, ಇವುಗಳ ಮುಖ್ಯ ವ್ಯತ್ಯಾಸ ಕೆಳಗಿನ ಸೀಳಿನಲ್ಲಿದೆ. ಆ ಸೀಳನ್ನು ಬೇರೆ ಬಣ್ಣದಲ್ಲಿ ಬರೆದು ತೋರಿಸಿ. ತಲಕಟ್ಟು ಕೊನೆಗೆ ಹಾಕುವ ಅಭ್ಯಾಸ ಮಾಡಿಸಿ. ಖ, ಙ, ಜ, ಞ, ಟ, ಣ, ಬ, ಲ ಇವಕ್ಕೆ ತಲಕಟ್ಟೇ ಇಲ್ಲ, ಆದರೂ ಕೈ ರೂಢಿಯಲ್ಲಿ ಮಕ್ಕಳು ಬ ಮೇಲೂ ಒಂದು ಎಳೆದುಬಿಡುತ್ತಾರೆ. ಗುಣಿತದಲ್ಲಿ ಇನ್ನೊಂದು ಎಡವಟ್ಟು: ಕಿ ಬರೆಯುವಾಗ ತಲಕಟ್ಟನ್ನೂ ಉಳಿಸಿಕೊಂಡು ಗುಡಿಸನ್ನೂ ಹಾಕುವುದು. ಗುಡಿಸು ಬಂದರೆ ತಲಕಟ್ಟು ಹೋಗಬೇಕು ಅಂತ ಒಮ್ಮೆ ಅಳಿಸಿಯೇ ತೋರಿಸಿ. ಪು, ವು ಗಳಲ್ಲಿ ಕೊಂಬು ಕೆಳಕ್ಕೆ ಇಳಿಯಬೇಕು. ಪಕ್ಕದಲ್ಲಿ ಹಾಕಿದರೆ ವು ಹೋಗಿ ಮ ಆಗುತ್ತದೆ. ಒತ್ತಕ್ಷರದಲ್ಲಿ ತ, ನ, ಮ, ಯ, ರ, ಲ ಆರಕ್ಕೂ ಬೇರೆ ರೂಪ. ಇವನ್ನು ಕತ್ತೆ, ಅನ್ನ, ಅಮ್ಮ, ಅಯ್ಯ, ಚಕ್ರ, ಹಲ್ಲು ಅಂತ ಪದದಲ್ಲೇ ಕಲಿಸಿ, ಪಟ್ಟಿ ಮಾಡಿ ಅಲ್ಲ.

ಸಾಮಾನಿನ ವಿಷಯ ಚುಟುಕಾಗಿ. ನಮ್ಮ ಆಷಾಢದಲ್ಲಿ ರಟ್ಟಿನ ಕಾರ್ಡು ಉಬ್ಬಿ ಬೂಷ್ಟು ಹಿಡಿಯುತ್ತದೆ. ಎರಡೂ ಕಡೆ ಅಗಲದ ಸೆಲೋ ಟೇಪ್ ಸುತ್ತಿ, ಮುಚ್ಚಳದ ಡಬ್ಬಿಯಲ್ಲಿಡಿ. ಮರಳಿನಲ್ಲಿ ತಿದ್ದಿಸುವುದಕ್ಕೆ ಆಗ ಒಣ ಮರಳು ಎಲ್ಲಿ ಸಿಗಬೇಕು? ತಟ್ಟೆಯಲ್ಲಿ ಬೆರಳಿನ ಒಂದು ಗೆಣ್ಣಿನ ಅರ್ಧದಷ್ಟು ರಾಗಿ ಹರವಿ. ಸ್ಲೇಟು, ಬಳಪ ಈಗಲೂ ಎಲ್ಲಕ್ಕಿಂತ ವಾಸಿ.

ಓದು ಹತ್ತಿದ ಮೇಲೆ, ನನ್ನ ಮಟ್ಟಿಗೆ ಎರಡನೇ ತರಗತಿ ಮುಗಿಯುವ ಹೊತ್ತಿಗೆ, ಕ್ರಮಕ್ಕೆ ಬನ್ನಿ. 49 ಅಕ್ಷರವನ್ನು ಒಂದೇ ಸರಪಳಿ ಮಾಡದೆ ಏಳು ಪಟ್ಟಿ ಮಾಡಿ: ಸ್ವರ ಮತ್ತು ಅಂ ಅಃ ಒಂದು, ಕ ಚ ಟ ತ ಪ ವರ್ಗದ ಐದು, ಯ ಇಂದ ಳ ವರೆಗೆ ಒಂದು. ಐದು ವರ್ಗ ಗಂಟಲಿನಿಂದ ತುಟಿಯತ್ತ ಬರುತ್ತವೆ. ಕ ಅನ್ನುವಾಗ ನಾಲಿಗೆ ಎಲ್ಲಿ ತಾಗಿತು, ತ ಅನ್ನುವಾಗ ಎಲ್ಲಿ, ಪ ಅನ್ನುವಾಗ ತುಟಿ ಏನು ಮಾಡಿತು ಅಂತ ಕೇಳಿದರೆ ಸಾಲು ತಾನೇ ನೆನಪಿರುತ್ತದೆ. ಆಮೇಲೆ ಯಾವ ಅಕ್ಷರ ಕೊಟ್ಟರೂ ಮೊದಲು ಸಾಲು ಹೇಳಲಿ, ನಂತರ ಜಾಗ.

ಪದಗಳನ್ನು ವರ್ಣಮಾಲೆಯ ಕ್ರಮದಲ್ಲಿ ಜೋಡಿಸಲು ಊರೇ ಇದೆ. ಐದು ತಾಲ್ಲೂಕಿನ ಚೀಟಿ ಕೊಡಿ: ಕುಶಾಲನಗರ, ಪೊನ್ನಂಪೇಟೆ, ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ. ಮೊದಲ ಅಕ್ಷರ ಎಲ್ಲವೂ ಬೇರೆ, ಸುಲಭ. ಆಮೇಲೆ ಕರಿಮೆಣಸು, ಕಾಫಿ, ಕಿತ್ತಳೆ ಕೊಡಿ. ಮೂರೂ ಕ, ಈಗ ಗುಣಿತದ ಕ್ರಮ ನೋಡಲೇಬೇಕು. ಮಗು ಇಲ್ಲಿ ನಿಂತುಬಿಟ್ಟರೆ ಕಾಗುಣಿತ ಸರಿಯಾಗಿ ಕೂತಿಲ್ಲ ಅಂತ ಅರ್ಥ, ಹಿಂದಕ್ಕೆ ಹೋಗಿ.

ನಿಘಂಟು ಕೈಗೆ ಬಂದಾಗ ಎರಡು ಕಡೆ ಮಕ್ಕಳು ಖಂಡಿತ ದಾರಿ ತಪ್ಪುತ್ತಾರೆ. ವರ್ಣಮಾಲೆಯಲ್ಲಿ ಅಂ ಬರುವುದು ಔ ಆದ ಮೇಲೆ, ಆದರೆ ಹೆಚ್ಚಿನ ನಿಘಂಟುಗಳಲ್ಲಿ ಅಂಗಡಿ ಇರುವುದು ಅಕ್ಕನಿಗಿಂತ ಮೊದಲು, ಕಂಬ ಇರುವುದು ಕಡಲೆಗಿಂತ ಮೊದಲು. ಗೋಡೆಯ ಪಟದಲ್ಲಿ ಕ್ಷ, ಜ್ಞ ಎರಡನ್ನೂ ಳ ಆದ ಮೇಲೆ ಬರೆದಿರುವುದರಿಂದ ಕ್ಷಮೆ ಹುಡುಕುವ ಮಗು ಪುಸ್ತಕದ ಕೊನೆಗೆ ಹೋಗುತ್ತದೆ. ಅದು ಇರುವುದು ಕ ವಿಭಾಗದಲ್ಲೇ, ಕೌ ಮುಗಿದ ಮೇಲೆ ಒತ್ತಕ್ಷರಗಳ ಜೊತೆ. ಜ್ಞಾನ ಹಾಗೆಯೇ ಜ ವಿಭಾಗದಲ್ಲಿ. ಪದ ಸಿಗಲಿಲ್ಲ ಅಂತ ಮಗು ಪುಸ್ತಕ ಮುಚ್ಚುವ ಮೊದಲು ಲ ಇದ್ದಲ್ಲಿ ಳ, ನ ಇದ್ದಲ್ಲಿ ಣ, ಸ ಇದ್ದಲ್ಲಿ ಶ ಹಾಕಿ ಇನ್ನೊಮ್ಮೆ ನೋಡಲು ಹೇಳಿ. ಬಹಳ ಸಲ ಪದ ಅಲ್ಲೇ ಇರುತ್ತದೆ.