150 ದಾಟಿದರೆ ಕುದುರೆಗೆ ಅಪಾಯವಾ? ಒಂದು ಸ್ಪಷ್ಟನೆ

'ಸವಾರಿ ಮಾಡುವಾಗ ಕುದುರೆಯ ಹೃದಯ ಬಡಿತ ನಿಮಿಷಕ್ಕೆ 150 ದಾಟಿದರೆ ಅಪಾಯ, ತಕ್ಷಣ ಇಳಿದುಬಿಡಿ' ಅನ್ನೋ ಸಂದೇಶ ಓಡಾಡ್ತಿದೆ. ಇದು ತಪ್ಪು. ಮನುಷ್ಯರ ಲೆಕ್ಕವನ್ನು ಕುದುರೆಗೆ ಅಂಟಿಸಿದಂತಿದೆ.

ಸುಮ್ನೆ ನಿಂತಿರುವ ಬೆಳೆದ ಕುದುರೆಯ ಬಡಿತ ನಿಮಿಷಕ್ಕೆ ಸುಮಾರು 28ರಿಂದ 44. ನಾಗಾಲೋಟದಲ್ಲಿ ಅದೇ ಹೃದಯ 200 ದಾಟುತ್ತದೆ. ಗರಿಷ್ಠ ಮಿತಿ ಹೆಚ್ಚಿನ ಕುದುರೆಗಳಲ್ಲಿ 220–240ರ ಆಸುಪಾಸು. ಹಾಗಾಗಿ ಏರು ಹತ್ತುವಾಗ 150 ಕಂಡರೆ ಗಾಬರಿ ಬೇಡ.

ನೋಡಬೇಕಾದ್ದು ಬಡಿತ ಎಷ್ಟು ಬೇಗ ಇಳಿಯುತ್ತದೆ ಅನ್ನೋದನ್ನು. ದೂರದ ಓಟದ ಸ್ಪರ್ಧೆಗಳಲ್ಲಿ ಪಶುವೈದ್ಯರು ನೋಡುವುದೂ ಇದನ್ನೇ. ನಿಗದಿತ ಸಮಯದೊಳಗೆ ಸಾಮಾನ್ಯವಾಗಿ 64ಕ್ಕೆ ಇಳಿಯದಿದ್ದರೆ ಕುದುರೆ ಹೊರಗೆ. ನಿಂತು ಹತ್ತು ನಿಮಿಷವಾದರೂ ಬಡಿತ ಜಾಸ್ತಿಯೇ ಇದ್ದರೆ ಸುಸ್ತು, ಬಿಸಿಲು ಅಥವಾ ನೋವು ಇರಬಹುದು. ಆಗ ಯೋಚಿಸಿ.

ಇನ್ನೊಂದು ವಿಷಯ. ನೆಮ್ಮದಿಯಾಗಿ ನಡೆಯುತ್ತಿರುವ ಕುದುರೆಗೆ ಬಡಿತ ಅಳೆಯುವ ಸಾಧನದ ಪರದೆ ಮೇಲೆ ಇದ್ದಕ್ಕಿದ್ದಂತೆ 230 ಬಂದರೆ ಮೊದಲು ಜೀನಿನ ಕೆಳಗೆ ಕೈ ಹಾಕಿ. ಎಲೆಕ್ಟ್ರೋಡ್ (ಬಡಿತ ಗ್ರಹಿಸಲು ಮೈಗೆ ತಾಗಿಸುವ ಭಾಗ) ಇರುವ ಜಾಗದಲ್ಲಿ ಕೂದಲು ಒಣಗಿರಬಹುದು, ಅಷ್ಟೇ. ಒದ್ದೆ ಸ್ಪಂಜಿನಿಂದ ಚರ್ಮದವರೆಗೂ ನೆನೆಸಿದರೆ ಬಹಳ ಸಲ ಅಂಕಿ ಸರಿಹೋಗುತ್ತದೆ. ಮತ್ತೂ ಇಳಿಯದಿದ್ದರೆ ಮಾತ್ರ ಪಶುವೈದ್ಯರನ್ನು ಕರೆಯಿರಿ.

ಈ ಸಾಧನದ ಜೊತೆ ವೇಗ ತೋರಿಸುವ ಜಿಪಿಎಸ್ ಯಾಕೆ ಬೇಕು ಅಂದ್ರೆ, ವೇಗ ಗೊತ್ತಿಲ್ಲದೆ ಬಡಿತಕ್ಕೆ ಅರ್ಥವಿಲ್ಲ. ಅದೇ ದಾರಿ, ಅದೇ ವೇಗ, ಕೆಲವು ವಾರಗಳ ನಂತರ ಬಡಿತ ಕಡಿಮೆ ಅಂದರೆ ತರಬೇತಿ ಹತ್ತಿದೆ. ಮರಳು, ಕೆಸರು, ಸೆಕೆ ಇದ್ದ ದಿನದ ಅಂಕಿಯನ್ನು ಮಾತ್ರ ಇದಕ್ಕೆ ಹೋಲಿಸಬೇಡಿ.