ಸ್ಟ್ಯಾಂಡ್‌ಬೈ ಪೋರ್ಟಿನ ಸುಖಜೀವನ

ನಮ್ಮ ಆಫೀಸಿನ ವಿಡಿಯೋ ಕಾನ್ಫರೆನ್ಸ್ ಸರ್ವರಿಗೆ ಎರಡು ನೆಟ್‌ವರ್ಕ್ ಪೋರ್ಟು (ಕೇಬಲ್ ಸಿಕ್ಕಿಸೋ ಕಿಂಡಿ). ಒಂದು ದುಡಿಯುತ್ತದೆ. ಇನ್ನೊಂದು ಮನೆ ಅಳಿಯನ ಥರ ಸುಮ್ನೆ ಹಸಿರು ದೀಪ ಹೊತ್ತಿಸಿಕೊಂಡು ಕೂತಿರುತ್ತದೆ. ಮೊದಲನೆಯದು ಕೈಕೊಟ್ಟರೆ ಇದು ಎದ್ದು ಕೆಲಸ ಶುರು ಮಾಡಬೇಕು. ಸರ್ವರ್ ನಡೆಸೋ ಲಿನಕ್ಸ್‌ನಲ್ಲಿ ಹೀಗೆ ಪೋರ್ಟುಗಳನ್ನು ಒಟ್ಟಿಗೆ ಕಟ್ಟೋದಕ್ಕೆ ಬಾಂಡಿಂಗ್ ಅಂತಾರೆ, ಒಂದು ದುಡಿದು ಇನ್ನೊಂದು ಕಾಯೋ ಆಕ್ಟಿವ್-ಬ್ಯಾಕಪ್ ಅನ್ನೋದು ಅದರ ಮೋಡ್ 1.

ಸೆಟಪ್ ಮಾಡೋಕೆ ಬಂದ ಹುಡುಗ ಕಾಫಿ ಆರೋದ್ರೊಳಗೆ ಮುಗಿಸಿಬಿಟ್ಟ. "ಟೆಸ್ಟ್ ಮಾಡಿದ್ರಾ?" ಅಂದೆ. "ಎರಡೂ ಲೈಟು ಹಸಿರಿದೆಯಲ್ಲ ಸಾರ್" ಅಂದ.

ನಮ್ಮ ಮ್ಯಾನೇಜರ್‌ಗೆ ಅಷ್ಟು ಸಾಲಲಿಲ್ಲ. ಮುಂಬೈ ಆಫೀಸಿನ ಜೊತೆ ಮೀಟಿಂಗ್ ನಡೀತಿರುವಾಗಲೇ ರ‍್ಯಾಕ್ ಹತ್ತಿರ ಹೋಗಿ, "ನೋಡಿ ಈಗ" ಅಂತ ಮೊದಲನೇ ಕೇಬಲ್ ಕಿತ್ತೇಬಿಟ್ಟರು. ಪರದೆಯಲ್ಲಿ ಮುಂಬೈನವರು ಅರ್ಧ ಬಾಯಿ ತೆರೆದವರು ಹಾಗೇ ನಿಂತರು. ಹುಡುಗ ಓಡಿಬಂದು ಬಾಂಡ್‌ನ ಸ್ಟೇಟಸ್ ಫೈಲ್ ತೆರೆದ. ಕೇಬಲ್ ಮ್ಯಾನೇಜರ್ ಕೈಯಲ್ಲಿ ನೇತಾಡ್ತಿದೆ, ಫೈಲಿನಲ್ಲಿ ಮಾತ್ರ ಆ ಪೋರ್ಟು 'ಅಪ್'! ಲಿಂಕ್ ಇದೆಯಾ ಇಲ್ಲವಾ ಅಂತ ಎಷ್ಟು ಹೊತ್ತಿಗೊಮ್ಮೆ ನೋಡಬೇಕು ಅನ್ನೋದಕ್ಕೆ ಎಂಐಐಮಾನ್ ಅಂತ ಒಂದು ಸೆಟ್ಟಿಂಗ್ ಇದೆ. ನಮ್ಮ ಬಾಂಡಿನಲ್ಲಿ ಅದು 0 ಅಂತ ಇತ್ತು, ಅಂದ್ರೆ ನೋಡೋದೇ ಇಲ್ಲ. 100 ಮಿಲಿಸೆಕೆಂಡ್ ಅಂತ ಹಾಕಿದ ಮೇಲೆ ಮತ್ತೆ ಕಿತ್ತರು (ಮ್ಯಾನೇಜರ್‌ಗೆ ಅಷ್ಟೊತ್ತಿಗೆ ರುಚಿ ಹತ್ತಿತ್ತು). ಚಿತ್ರ ಒಂಚೂರು ಚೌಕ ಚೌಕವಾಗಿ ಒಡೆದು ಸರಿಹೋಯಿತು.

ಆದರೂ ಎಂಐಐಮಾನ್ ನೋಡೋದು ಪಕ್ಕದ ನೆಟ್‌ವರ್ಕ್ ಸ್ವಿಚ್ಚಿನವರೆಗೆ (ಕೇಬಲ್‌ಗಳೆಲ್ಲ ಬಂದು ಸೇರೋ ಪೆಟ್ಟಿಗೆ) ಮಾತ್ರ. ಸ್ವಿಚ್ಚಿನಾಚೆ ಲೈನ್ ಹೋದರೂ ದೀಪ ಹಸಿರೇ. ಅದಕ್ಕೆ ಎಆರ್‌ಪಿ ಮಾನಿಟರಿಂಗ್ ಅಂತ ಬೇರೆ ವ್ಯವಸ್ಥೆ ಇದೆ (ಆಚೆಯ ಯಂತ್ರವನ್ನು ಕೂಗಿ ಉತ್ತರ ಬರುತ್ತಾ ಅಂತ ನೋಡುತ್ತೆ), ಎಂಐಐಮಾನ್ ಜೊತೆ ಅದನ್ನೂ ಒಟ್ಟಿಗೆ ಹಾಕೋಕಾಗಲ್ಲ, ಯಾವುದಾದರೂ ಒಂದನ್ನೇ ಆರಿಸ್ಕೋಬೇಕು. ಇರಲಿ. ಎರಡು ಪೋರ್ಟಿಗೆ ಎರಡು ಬೇರೆ ಸ್ವಿಚ್ಚೇ ಹಾಕಿಸಿದರು. ಖರ್ಚು ಜಾಸ್ತಿ ಆಯ್ತು, ಧೈರ್ಯವೂ ಜಾಸ್ತಿ ಆಯ್ತು.

ಮುಂದಿನ ದೊಡ್ಡ ಮೀಟಿಂಗಿನ ನಡುವೆ ಎಲ್ಲಾ ಒಟ್ಟಿಗೆ ಕಪ್ಪು. ಸರ್ವರ್ ರೂಮಿಗೆ ಓಡಿದರೆ ವ್ಯಾಕ್ಯೂಮ್ ಕ್ಲೀನರ್ ಸದ್ದು. ಎರಡೂ ಸ್ವಿಚ್ಚಿನ ಪ್ಲಗ್ಗು ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿದ್ದವು, ಆ ಬೋರ್ಡನ್ನೇ ಗೋಡೆಯಿಂದ ಕಿತ್ತು ಪಕ್ಕಕ್ಕಿಟ್ಟಿದ್ದರು ಕ್ಲೀನಿಂಗ್ ಅಕ್ಕ.

ಮ್ಯಾನೇಜರ್ ಬಾಯಿ ತೆರೆಯೋ ಮೊದಲೇ ಅಕ್ಕ ಕೇಳಿದರು, "ಅಲ್ಲಾ ಸಾರ್, ಇಷ್ಟು ಮುಖ್ಯ ಅಂದ್ರೆ ಎರಡನ್ನೂ ಒಂದೇ ಬೋರ್ಡಿಗೆ ಯಾಕೆ ಸಿಕ್ಕಿಸಿದ್ರಿ? ಆ ಗೋಡೇಲಿ ಇನ್ನೊಂದು ಖಾಲಿ ಇದೆಯಲ್ಲ?"